ಕಡಲಾಚೆಯಿಂದ ಬಂದ ಕೈಕಸುಬು

ಬಸ್ರೂರಿನ ಹಳೆಯ ಮನೆಗಳ ಮಾಡನ್ನು ಬಿಚ್ಚುವ ಕಾಲದಲ್ಲಿ ಹಂಚುಗಳನ್ನು ಒಂದೊಂದಾಗಿ ಕೆಳಗಿಳಿಸಿ ಅಂಗಳದ ಬದಿಯಲ್ಲಿ ಸಾಲಾಗಿ ಒಟ್ಟಿಡುವುದು ವಾಡಿಕೆ. ಅವುಗಳಲ್ಲೊಂದನ್ನು ಮಗುಚಿ, ಹಾವಸೆಯನ್ನು ಉಜ್ಜಿ ನೋಡಿದರೆ, ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಅಂಕವೂ ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವೊಮ್ಮೆ ಕಣ್ಣಿಗೆ ಬೀಳುವುವು. ಆ ಅಂಕವು ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಸ್ಥಾಪನೆಯಾದ ವರ್ಷ. ಇದನ್ನರಿಯದ ಮನೆಯವರು ತಮ್ಮ ಮನೆಯೇ 1865ರದೆಂದು ಹೆಮ್ಮೆಪಟ್ಟುಕೊಳ್ಳುವುದುಂಟು. ಆ ಸಣ್ಣ ಭ್ರಮೆಯನ್ನು ಕಳೆಯುವುದು ಈ ಲೇಖನದ ಉದ್ದೇಶವಲ್ಲ. ಆ ಅಕ್ಷರಗಳು ನಮ್ಮ ತಲೆಯ ಮೇಲಕ್ಕೆ ಹೇಗೆ ಬಂದುವು, ಅವನ್ನು ತಂದವರಾರು, ಅವರು ತಂದುದರಲ್ಲಿ ನಮಗೆ ಉಳಿದುದೇನು ಎಂಬುದನ್ನು ವಾಚಕರ ಮುಂದಿಡುವುದೇ ನನ್ನ ಉದ್ದೇಶ.

ಪರದೇಶಗಳಲ್ಲಿ ಬಡಗಿಗಳು, ಗಾರೆಯ ಕೆಲಸದವರು, ವಿದ್ಯುತ್ತಿನ ಕೆಲಸ ಬಲ್ಲವರು ಕೆಲವರು ಸೇರಿ, ಸಂಬಳವನ್ನು ಬಯಸದೆ, ದೂರದ ನಾಡಿನ ಮಿಶನ್ ಆಸ್ಪತ್ರೆಗಳಿಗೆ ಹೋಗಿ, ಸೋರುವ ಮಾಡನ್ನು ಸರಿಪಡಿಸಿ, ಬಿರಿದ ಗೋಡೆಯನ್ನು ಕಟ್ಟಿಕೊಟ್ಟು ಹಿಂದಿರುಗುವ ಪದ್ಧತಿ ಈಗ ಪ್ರಚಾರದಲ್ಲಿದೆ. ಹಣವನ್ನು ಕೊಡುವ ದಾನಿಗಳು ಎಲ್ಲ ಕಾಲದಲ್ಲಿಯೂ ಇದ್ದರು. ಕೈಯ ಕಸುಬನ್ನೇ ದಾನವಾಗಿ ಕೊಡುವ ಈ ಬಗೆಯು ಹೊಸದೆಂದು ಅನೇಕರಿಗೆ ತೋರಬಹುದು. ಆದರೆ ನಮ್ಮ ಕರಾವಳಿಗೆ ಇದು ಹೊಸದಲ್ಲ. ಒಂದು ಕಾಲದಲ್ಲಿ ಹಾಗೆ ಕಸುಬನ್ನು ಹೊತ್ತುಕೊಂಡು ಹೊರಟವರ ಎಣಿಕೆಯಲ್ಲಿ ಆ ‘ದೂರದ ನಾಡು’ ನಮ್ಮದೇ ಆಗಿದ್ದಿತು.

ನಮ್ಮ ಊರಿನವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸೀತು. ಬಸ್ರೂರು ತಾನು ದೂರದ ಊರೆಂದು ಎಂದೂ ಭಾವಿಸಿದುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಈ ಕರಾವಳಿಯನ್ನು ಹಾದುಹೋಗುವಾಗ ಇಲ್ಲಿಯ ಪಟ್ಟಣವನ್ನು ಹೆಸರಿಸಿದನು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸರ ಬಾರ್ಬೋಸನು ಇಲ್ಲಿಂದ ಅಕ್ಕಿಯು ಹಡಗುಗಳಲ್ಲಿ ಹೊರಹೋಗುವುದನ್ನು ಬರೆದಿಟ್ಟನು. 1569ರಲ್ಲಿ ಪೋರ್ಚುಗೀಸರು ಈ ಬಂದರಿನ ಆಸೆಯಿಂದ ಕೋಟೆ ಹಿಡಿದರು. 1665ರಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಪೇಟೆಯನ್ನು ಸೂರೆಗೊಂಡನು. ಸೂರೆಗೆ ಬರುವಷ್ಟು ಸಂಪತ್ತಿದ್ದ ಊರು ಇದು. ಮೂಡುಕೇರಿ, ಪಡುವಕೇರಿ ಎಂಬ ಎರಡು ಕೇರಿಗಳ ಹಲರೂ ಸೆಟ್ಟಿಕಾರರೂ ಕೂಡಿ ನಡೆಸಿದ ವ್ಯವಹಾರಗಳನ್ನೂ ದೇವಸ್ಥಾನಗಳಿಗೆ ಬಿಟ್ಟ ದತ್ತಿಗಳನ್ನೂ ಇಲ್ಲಿಯ ಶಾಸನಗಳು ಇಂದಿಗೂ ಸಾರುತ್ತಿವೆ. ಆದರೆ ಹೊಳೆಗಳು ಹೂಳು ತುಂಬಿದುವು, ರಾಜ್ಯಗಳು ಬದಲಾದುವು, ವ್ಯಾಪಾರವು ಬೇರೆ ಬಂದರುಗಳಿಗೆ ಸರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಕನ್ನಡ ಜಿಲ್ಲೆಯಲ್ಲಿ ಕಾಲಿಡುವಾಗ, ಅನ್ಯರನ್ನು ಅಕ್ಕಿಯಿಂದ ಪೋಷಿಸಿದ್ದ ಈ ಪೇಟೆಯು ಹಳ್ಳಿಯಾಗಿ ಕುಳಿತಿದ್ದಿತು. ಮಿಶನ್ನಿನವರು ಮುಂದೆ ಬಸ್ರೂರಿನಲ್ಲಿಯೂ ತಮ್ಮದೊಂದು ಠಾಣೆಯನ್ನು ಮಾಡಿಕೊಂಡರು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಪಟ್ಟಣ. ಅಲ್ಲಿಯ ಮಿಶನ್ ಸಂಸ್ಥೆಯು 1815ರಲ್ಲಿ ಸ್ಥಾಪಿತವಾಯಿತು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದನ್ನೂ, 1853ರಲ್ಲಿ ಬಂದ ಕಿಟ್ಟೆಲನ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದನ್ನೂ ವಿದ್ಯಾವಂತರೆಲ್ಲರೂ ಬಲ್ಲರು. ಅಕ್ಷರದ ಕೆಲಸ ಮಾಡಿದವರ ಹೆಸರು ಅಕ್ಷರಸ್ಥರ ಬಾಯಲ್ಲಿ ಉಳಿಯುವುದು ಸಹಜ. ಆದರೆ ಅದೇ ಹಡಗುಗಳಲ್ಲಿ ನೇಯುವವರು, ಅಚ್ಚು ಹೊಡೆಯುವವರು, ಕಬ್ಬಿಣದ ಕೆಲಸದವರು, ಮಣ್ಣಿನ ಕೆಲಸದವರೂ ಬಂದರು. ಈ ಮಿಶನ್ನಿಗೆ ಸೇರಿದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕಸುಬುದಾರರ ಮನೆಯವರು. ಕೈಕೆಸರು ಅವರಿಗೆ ಅವಮಾನವೆನಿಸಿರಲಿಲ್ಲ. ಧನಸಂಪಾದನೆಗೆ ಅವಕಾಶವಿರಲಿಲ್ಲ, ಜೀವನಕ್ಕೆ ಸಾಲುವಷ್ಟನ್ನು ಸಂಸ್ಥೆಯು ಕೊಡುತ್ತಿತ್ತು, ಕೆಲಸದಿಂದ ಹುಟ್ಟಿದ ಲಾಭವು ಸಂಸ್ಥೆಯ ಕಾರ್ಯಕ್ಕೆ ಸಲ್ಲುತ್ತಿತ್ತು.

ಇವರು ಕಸುಬಿನ ಕೈಗಳನ್ನು ಕರೆಯಿಸಿದುದೇಕೆ? ಇದಕ್ಕೆ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅವರ ಮುಖ್ಯೋದ್ದೇಶವು ಮತಪ್ರಚಾರ. ಮತವನ್ನು ಬದಲಿಸಿದವನನ್ನು ಅವನ ಜಾತಿಯವರು ಹೊರಗಿಡುತ್ತಿದ್ದರು; ಒಕ್ಕಲುತನದ ಗದ್ದೆ ಹೋಗುತ್ತಿತ್ತು; ಕುಲಕಸುಬು ತಪ್ಪುತ್ತಿತ್ತು. ತಾಳೆಯ ಮರದಿಂದ ಕಳ್ಳಿಳಿಸಿ ಬದುಕುತ್ತಿದ್ದವರು ಆ ವೃತ್ತಿಯನ್ನು ಬಿಡಬೇಕಾಗುತ್ತಿತ್ತು. ಹೀಗೆ ಅನ್ನ ತಪ್ಪಿದ ಕುಟುಂಬಗಳಿಗೆ ಅನ್ನವನ್ನು ಕಾಣಿಸುವ ಹೊಣೆಯು ಮಿಶನ್ನಿನ ತಲೆಯ ಮೇಲೆ ಬಿದ್ದಿತು. ಭಿಕ್ಷೆಯನ್ನು ಹಾಕುತ್ತ ಹೋದರೆ ಭಿಕ್ಷುಕರೇ ಬೆಳೆಯುವರೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಅವರ ಮತಪ್ರಚಾರವು ಒಪ್ಪಿಗೆಯಾಗಬೇಕೆಂದಿಲ್ಲ. ನಮ್ಮ ಸಮಾಜವು ತನ್ನವರನ್ನು ನಡೆಸಿಕೊಂಡ ರೀತಿಯೂ ಒಪ್ಪಿಗೆಯಾಗುವಂಥದಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮಾತ್ರ ಚರಿತ್ರೆಯು ಚರಿತ್ರೆಯಾದೀತು.

ಮೊದಲ ಪ್ರಯತ್ನಗಳು ಸೋತುವು. ಬೇಸಾಯವನ್ನು ಮಾಡಿಸಿ ನೋಡಿದರು, ಕೈಹತ್ತಲಿಲ್ಲ. ಗಡಿಯಾರದ ಕೆಲಸವನ್ನು ಕಲಿಸಿ ನೋಡಿದರು. ಹೊತ್ತು ನೋಡಲು ಸೂರ್ಯನನ್ನೂ ನೆರಳನ್ನೂ ನಂಬಿದ್ದ ಜನರ ನಡುವೆ ಗಡಿಯಾರವನ್ನು ಕೊಳ್ಳುವವರಾರು? ಅದೂ ನಿಂತುಹೋಯಿತು. ದಾನವಾಗಿ ಬಂದ ಕಸುಬಾದರೂ ನೆಲಕ್ಕೆ ಒಗ್ಗದಿದ್ದರೆ ವ್ಯರ್ಥವೆಂಬ ಪಾಠವನ್ನು ಅವರು ನಷ್ಟವನ್ನು ತೆತ್ತು ಕಲಿತರು. 1851ರಲ್ಲಿ ಹಾಲರ್ ಎಂಬ ನೇಯ್ಗೆಯವನು ಬಂದ ಮೇಲೆ ಕಾರ್ಯವು ದಾರಿಗೆ ಬಂದಿತು. ನಮ್ಮ ದೇಶದಲ್ಲಿ ಮಗ್ಗವು ಹೊಸದಲ್ಲ. ಅವನು ತಂದುದು ಹಾರುಲಾಳಿಯ ಮಗ್ಗವನ್ನು, ಪಕ್ಕಾ ಬಣ್ಣ ಹಾಕುವ ಕ್ರಮವನ್ನು. ಖಾಕಿಯ ಬಟ್ಟೆಗೂ ಬಲ್ಮಠದ ಈ ನೇಯ್ಗೆಯ ಮನೆಗೂ ಇರುವ ಸಂಬಂಧವನ್ನು ಮಂಗಳೂರಿನವರು ಈಗಲೂ ಅಭಿಮಾನದಿಂದ ಹೇಳಿಕೊಳ್ಳುವರು. ಬಲ್ಲ ಕಸುಬಿಗೆ ಹೊಸ ಕೈಚಳಕ ಸೇರಿದಾಗ ಬೇರು ಬಿಟ್ಟಿತು.

ಹಂಚಿನ ಕಥೆಯು ಇದಕ್ಕಿಂತ ಸ್ವಾರಸ್ಯವಾದುದು. ಗಿಯೋರ್ಗ್ ಪ್ಲೆಬ್ಸ್ಟ್ ಎಂಬವನು ಮುದ್ರಣಾಲಯದ ಕೆಲಸಕ್ಕಾಗಿ ಬಂದವನು. ನಮ್ಮ ಜಿಲ್ಲೆಯ ಮಳೆ ಎಂಥದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆಗಿನ ಕಾಲದಲ್ಲಿ ಮನೆಗಳಿಗೆ ಮುಳಿಹುಲ್ಲು, ಅಡಕೆಯ ಸೋಗೆ, ತೆಂಗಿನ ಮಡಲುಗಳೇ ಹೊದಿಕೆ; ಅನುಕೂಲವಿದ್ದವರಿಗೆ ಕುಂಬಾರರ ನಾಡಹಂಚು. ಹುಲ್ಲು ವರ್ಷವರ್ಷವೂ ಕೊಳೆಯುವುದು, ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಉರಿದುಹೋಗುವುದು. ನಾಡಹಂಚು ಒಂದರ ಮೇಲೊಂದು ಸುಮ್ಮನೆ ಕುಳಿತಿರುವುದಲ್ಲದೆ ಕಚ್ಚಿಕೊಳ್ಳುವುದಿಲ್ಲ. ಕೋತಿಯೊಂದು ಓಡಿದರೆ ಜಾರುವುದು, ಗಾಳಿ ಬೀಸಿದರೆ ಸರಿಯುವುದು. ಪ್ಲೆಬ್ಸ್ಟನು ಸ್ವದೇಶಕ್ಕೆ ಹೋದಾಗ ಸುಮ್ಮನೆ ಕುಳಿತುಕೊಳ್ಳದೆ ಮಣ್ಣಿನ ಶಾಸ್ತ್ರವನ್ನು ಕಲಿತು ಹಿಂದಿರುಗಿದನು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಇಬ್ಬರು ಆಳುಗಳು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು: ಆರಂಭವು ಇಷ್ಟೇ.

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹೊಳೆಯ ಬದಿಯ ಜೇಡಿಮಣ್ಣನ್ನು ತಂದು ಹದಗೊಳ್ಳಲು ಬಿಡುವರು. ಬಳಿಕ ಅದನ್ನು ಎತ್ತುಗಳಿಂದ ತಿರುಗುವ ಗಾಣದಂಥ ಯಂತ್ರದಲ್ಲಿ ಅರೆದು, ಕಲ್ಲು ಬೇರುಗಳನ್ನು ಕಳೆದು, ಹಲಗೆಯ ಆಕಾರಕ್ಕೆ ತರುವರು. ಆ ಹಲಗೆಯನ್ನು ಅಚ್ಚಿನ ನಡುವೆ ಇಟ್ಟು ತಿರುಪಿನ ಒತ್ತುಯಂತ್ರದಿಂದ ಅದುಮಿದಾಗ, ಒಂದು ಅಂಚಿನಲ್ಲಿ ತೋಡೂ ಮತ್ತೊಂದು ಅಂಚಿನಲ್ಲಿ ಏಣೂ ಮೂಡುವುವು. ಇದನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ನಿಧಾನವಾಗಿ ಆರಿಸಬೇಕು, ಆತುರಪಟ್ಟರೆ ಸೊಟ್ಟಗಾಗುವುದು. ಅನಂತರ ಗೂಡಿನಲ್ಲಿ ಸೌದೆಯ ಉರಿಯಿಂದ ಸುಡುವುದು. ಮಾಡಿನ ಮೇಲೆ ಇಟ್ಟಾಗ ಒಂದು ಹಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕುಳಿತು ಪರಸ್ಪರ ಹಿಡಿದುಕೊಳ್ಳುವುವು. ನೀರು ತೋಡಿನಲ್ಲಿ ಹರಿದು ಕೆಳಗಿಳಿಯುವುದು. ಗಾರೆಯಿಲ್ಲ, ಮೊಳೆಯಿಲ್ಲ. ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಬಹುದು. ಬೆಳಕು ಬೇಕಾದಲ್ಲಿ ಅದೇ ಅಳತೆಯ ಗಾಜಿನ ಹಂಚೊಂದನ್ನು ಇಟ್ಟರಾಯಿತು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಪದ್ಧತಿಯು ಕರಾವಳಿಯಲ್ಲಿ ಬೆಳೆದುದು ಈ ಸೌಕರ್ಯದಿಂದಲೇ.

ಮಾಡಿಗೂ ಆಸ್ಪತ್ರೆಗೂ ಸಂಬಂಧವೇನೆಂದು ಕೇಳಬಹುದು. ರೋಗಿಯ ಮೊದಲನೆಯ ಔಷಧವು ಒಣಗಿದ ಹಾಸಿಗೆ. ಆಷಾಢದ ಜಡಿಮಳೆಯಲ್ಲಿ ಹೆರಿಗೆಯಾದ ಹೆಂಗಸಿನ ಮೇಲೆ ತೊಟ್ಟಿಕ್ಕದ ಮಾಡು, ಗಾಳಿಯಾಡುವಷ್ಟು ಎತ್ತರವಾದ ಜಂತಿ, ತೊಳೆದರೆ ಶುಚಿಯಾಗುವ ನೆಲ, ಇವು ಇಲ್ಲದ ಕಡೆಯಲ್ಲಿ ಧನ್ವಂತರಿಯೇ ಬಂದರೂ ಅರ್ಧ ಕೆಲಸವನ್ನಷ್ಟೇ ಮಾಡಿಯಾನು. ಹಂಚಿನ ಗೂಡು ಮೊದಲು, ಆಸ್ಪತ್ರೆಯು ಅನಂತರ, ಎಂಬ ಕ್ರಮದಲ್ಲಿಯೇ ಬಾಸೆಲಿನವರ ಕಾರ್ಯವು ನಡೆಯಿತು. 1886ರಲ್ಲಿ ಅವರ ವೈದ್ಯನಾದ ಲೀಬೆನ್‌ಡೋರ್ಫರನು ಕಲ್ಲಿಕೋಟೆಗೆ ಬಂದನು. ಗದಗಿನ ಬಳಿಯ ಬೆಟಗೇರಿಯಲ್ಲಿ ಅವರು ನಡೆಸಿದ ಆಸ್ಪತ್ರೆಯನ್ನು ಅಲ್ಲಿಯ ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆಯುತ್ತ ಬಂದರು.

ಮಂಗಳೂರಿನಲ್ಲಿ ಕಥೋಲಿಕ ಪಂಥದ ಜೆಸುಯಿಟರೂ ಇಂಥದೇ ದಾರಿಯಲ್ಲಿ ನಡೆದರು. ಜರ್ಮನಿಯಲ್ಲಿ ಹುಟ್ಟಿದ ಪಾದ್ರಿ ಅಗಸ್ಟಸ್ ಮುಲ್ಲರರು 1878ರ ಕೊನೆಯಲ್ಲಿ ಬಂದು, 1880ರಲ್ಲಿ ಹೋಮಿಯೋಪಥಿಯ ಗುಳಿಗೆಗಳನ್ನು ಕೊಡುವುದರಿಂದ ಪ್ರಾರಂಭಿಸಿ, ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ, 1895ರಲ್ಲಿ ಬಡವರ ಆಸ್ಪತ್ರೆಯನ್ನೂ, 1902ರಲ್ಲಿ ಪ್ಲೇಗಿನವರಿಗೆ ಬೇರೆ ಆಸ್ಪತ್ರೆಯನ್ನೂ ಕಟ್ಟಿಸಿದರು. ಅವರ ಸಮಕಾಲೀನನಾದ ಅಂತೋನಿಯೋ ಮೊಸ್ಕೇನಿಯು ಇಟಲಿಯ ಚಿತ್ರಕಾರ. ಪಾದ್ರಿಯಲ್ಲ, ‘ಬ್ರದರ್’ ಎಂದು ಕರೆಯಿಸಿಕೊಳ್ಳುವ ಸೇವಕವರ್ಗದವನು. 1899ರಿಂದ ಎರಡು ವರ್ಷಗಳಿಗೂ ಹೆಚ್ಚು ಕಾಲ ಅಟ್ಟಣೆಯ ಮೇಲೆ ನಿಂತು ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಚಾವಣಿಯನ್ನೂ ಚಿತ್ರಗಳಿಂದ ತುಂಬಿದನು. ತನ್ನ ನಾಡಿಗೆ ಹಿಂದಿರುಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಗೋಡೆಗೆ ಬಣ್ಣ ಬಳಿಯುವುದೂ ಒಂದು ಸೇವೆಯೆಂದು ಬಗೆದವನು ಅವನು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಜರ್ಮನರು ಶತ್ರುಗಳೆನಿಸಿದರು. ಎಂಬತ್ತು ವರ್ಷಗಳಿಂದ ನೆಲೆಗೊಂಡಿದ್ದ ಬಾಸೆಲ್ ಮಿಶನ್ನಿನ ಜರ್ಮನರು ನಿರ್ಬಂಧಕ್ಕೊಳಗಾದರು, ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು. ನೇಯ್ಗೆಯ ಮನೆಗಳೂ ಹಂಚಿನ ಕಾರ್ಖಾನೆಗಳೂ ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದುವು. ದಾನಕಾರ್ಯಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಯಾವುದಿದೆ? ಕೊಟ್ಟವನನ್ನೇ ಒಂದು ದಿನ ಎಬ್ಬಿಸಿ ಹೊರಗೆ ಕಳುಹಿಸಿದಾಗ, ಕೊಟ್ಟುದು ನಿಲ್ಲುವುದೋ ಬೀಳುವುದೋ ಆಗ ತಿಳಿಯುವುದು. ಹಂಚು ನಿಂತಿತು. ಏಕೆಂದರೆ ಅದಾಗಲೇ ಅವರ ಸೊತ್ತಾಗಿ ಉಳಿದಿರಲಿಲ್ಲ. ಜೆಪ್ಪುವಿನಲ್ಲಿ ಕೆಲಸ ಪ್ರಾರಂಭವಾದ ಕೆಲವೇ ವರ್ಷಗಳಲ್ಲಿ ಊರಿನವರು ಸ್ವಂತ ಕಾರ್ಖಾನೆಗಳನ್ನು ಹಾಕಿಕೊಂಡರು. ಕುಂದಾಪುರದ ಸುತ್ತಣ ಹೊಳೆಯ ದಂಡೆಗಳಲ್ಲಿಯೂ ಹೊಗೆಗೂಡುಗಳು ಎದ್ದುವು. ‘ಮಂಗಳೂರು ಹಂಚು’ ಎಂಬ ಹೆಸರಿನಲ್ಲಿ ನಮ್ಮ ಮಣ್ಣು ಸಿಂಹಳ, ಬರ್ಮಾ, ಏಡನ್, ಪೂರ್ವ ಆಫ್ರಿಕೆಗಳ ಮಾಡುಗಳನ್ನೇರಿತು. ಹಡಗಿನಲ್ಲಿ ಬಂದ ಕಸುಬು ಹಡಗಿನಲ್ಲಿಯೇ ಹೊರಟಿತು. ಅಕ್ಕಿಯನ್ನು ಕಳುಹಿಸಿದ್ದ ಕರಾವಳಿಯು ಮತ್ತೊಮ್ಮೆ ಅನ್ಯರ ತಲೆ ಕಾಯುವ ಪದಾರ್ಥವನ್ನು ಕಳುಹಿಸಿತು.

ಯುದ್ಧದ ಗಾಯವು ಇನ್ನೂ ಆರುತ್ತಿದ್ದಾಗ, 1923ರ ಜೂನ್ ತಿಂಗಳಿನಲ್ಲಿ, ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡರು ಉಡುಪಿಯಲ್ಲಿ ಆಸ್ಪತ್ರೆಯನ್ನು ಆರಂಭಿಸಿದರು. ಪರಪುರುಷನಾದ ವೈದ್ಯನ ಮುಂದೆ ಬರಲು ನಾಚಿ ಮನೆಯೊಳಗೇ ನರಳುತ್ತಿದ್ದ ನಮ್ಮ ತಾಯಂದಿರ ಕಾಲದಲ್ಲಿ ಸ್ತ್ರೀವೈದ್ಯೆಯೊಬ್ಬರು ಬಾಗಿಲು ತೆರೆದು ಕುಳಿತುದು ಎಂಥ ಉಪಕಾರವೆಂಬುದನ್ನು ವಿವರಿಸಬೇಕಾಗಿಲ್ಲ. ಜನರು ಅದನ್ನು ಮಿಶನ್ ಆಸ್ಪತ್ರೆಯೆಂದರು. ಮುಂದೆ ಅದಕ್ಕೆ ಅವರ ಹೆಸರೇ ನಿಂತಿತು. 2023ರಲ್ಲಿ ಅದು ನೂರು ವರ್ಷಗಳನ್ನು ಪೂರೈಸಿತು.

ಇಷ್ಟು ಚರಿತ್ರೆಯಾಯಿತು. ಇನ್ನು ನಮ್ಮ ಶಾಸ್ತ್ರದ ಮಾತು. ಬಾವಿ, ಕೆರೆ, ದೇವಾಲಯ, ಛತ್ರಗಳನ್ನು ನಿರ್ಮಿಸುವುದನ್ನು ಪೂರ್ವಿಕರು ಪೂರ್ತವೆಂದು ಕರೆದರು. ಆರೋಗ್ಯಶಾಲೆಯ ದಾನವು ಮಹಾದಾನವೆಂಬ ವಿಚಾರವನ್ನು ಹೇಮಾದ್ರಿಯು ತನ್ನ ಚತುರ್ವರ್ಗಚಿಂತಾಮಣಿಯಲ್ಲಿ ಪುರಾಣಾಧಾರದಿಂದ ಸಂಗ್ರಹಿಸಿದ್ದಾನೆ. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉಳಿಸುವ ಜೀರ್ಣೋದ್ಧಾರಕ್ಕೆ ಪುಣ್ಯವು ಹೆಚ್ಚೆಂಬ ನಂಬಿಕೆಯೂ ನಮ್ಮಲ್ಲಿ ಪ್ರಾಚೀನವಾದುದು. ಆದರೆ ಈ ಎಲ್ಲ ಫಲವೂ ಧನ ಕೊಟ್ಟವನಿಗೆ. ಕೈ ಕೊಟ್ಟವನಿಗೆ ಏನು? ಮನುಸ್ಮೃತಿಯ ಏಳನೆಯ ಅಧ್ಯಾಯವು ಕಾರುಗಳೂ ಶಿಲ್ಪಿಗಳೂ ತಿಂಗಳಿಗೊಂದು ದಿನ ರಾಜನ ಕೆಲಸವನ್ನು ಮಾಡಬೇಕೆಂದು ವಿಧಿಸುವುದು. ಇದು ತೆರಿಗೆ, ದಾನವಲ್ಲ. ಹೀಗೆ ಬಲಾತ್ಕಾರದಿಂದ ತೆಗೆದುಕೊಳ್ಳುವ ಶ್ರಮಕ್ಕೆ ಸಂಸ್ಕೃತದಲ್ಲಿ ವಿಷ್ಟಿ ಎಂದು ಹೆಸರು. ಆ ಶಬ್ದವೇ ಕನ್ನಡದಲ್ಲಿ ಬಿಟ್ಟಿಯಾಯಿತು. ಬಿಟ್ಟಿಗೂ ಸೇವೆಗೂ ಹೊರನೋಟಕ್ಕೆ ಭೇದವಿಲ್ಲ, ಎರಡರಲ್ಲಿಯೂ ಕೂಲಿಯಿಲ್ಲ. ಭೇದವಿರುವುದು ‘ಒಲ್ಲೆ’ನೆನ್ನುವ ಸ್ವಾತಂತ್ರ್ಯದಲ್ಲಿ. ‘ಒಲ್ಲೆ’ನೆನ್ನಬಹುದಾದವನು ‘ಮಾಡುವೆ’ನೆಂದಾಗ ಮಾತ್ರ ಅದು ದಾನ. ಬಡವನ ಶ್ರಮವನ್ನು ಪುಣ್ಯದ ಹೆಸರಿನಲ್ಲಿ ಕೂಲಿಯಿಲ್ಲದೆ ಕೇಳುವವರು ಈ ಭೇದವನ್ನು ಮರೆಯಬಾರದು.

ಇನ್ನೊಂದು ಶಬ್ದವನ್ನೂ ನೋಡೋಣ. ನಮ್ಮ ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಗೆ ‘ಓಜ’ ಎಂಬುದಿರುವುದು. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನು ತನ್ನ ಹೆಸರನ್ನು ಕೆತ್ತಿದ್ದಾನೆ. ಈ ಓಜ ಶಬ್ದವು ಉಪಾಧ್ಯಾಯ ಶಬ್ದದ ತದ್ಭವ. ಕಲ್ಲು ಕೆತ್ತುವವನನ್ನು ಕನ್ನಡಿಗರು ಕರೆದುದು ಉಪಾಧ್ಯಾಯನೆಂದು! ಪಾಠಶಾಲೆಯಲ್ಲಿ ಈ ವ್ಯುತ್ಪತ್ತಿಯನ್ನು ಕಂಠಪಾಠ ಮಾಡಿದ್ದೆನು. ಅದರ ಅರ್ಥವು ತಿಳಿದುದು ಬಹುಕಾಲದ ಮೇಲೆ, ನಾನು ಉಪಾಧ್ಯಾಯನಾಗಿದ್ದ ಶಾಲೆಯ ಮಾಡು ಸೋರತೊಡಗಿದಾಗ. ನಮ್ಮಲ್ಲಿದ್ದ ಹಣವು ಹಂಚಿಗೇ ಸಾಲದಾಗಿತ್ತು. ಎಪ್ಪತ್ತು ದಾಟಿದ ಆಚಾರಿಯೊಬ್ಬರು ತಾವಾಗಿ ಬಂದು, ಗೆದ್ದಲು ಹಿಡಿದ ಪಕ್ಕಾಸುಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಶಬ್ದದಿಂದಲೇ ಗುರುತಿಸಿ, ನಾಲ್ಕು ದಿನಗಳಲ್ಲಿ ಬದಲಿಸಿದರು. ಇಬ್ಬರು ಹುಡುಗರನ್ನು ಜೊತೆಗೆ ಹತ್ತಿಸಿಕೊಂಡು, ಕೊನೆಯ ಸಾಲನ್ನು ಅವರ ಕೈಯಿಂದಲೇ ಹೊದಿಸಿದರು. ಕೂಲಿಯ ಮಾತೆತ್ತಿದಾಗ, “ಮಾಷ್ಟ್ರೇ, ನನ್ನ ಮೊಮ್ಮಕ್ಳ್ ಕೂಕಂಬ ಜಾಗ ಅಲ್ದಾ ಇದ್? ಇದ್ಕ್ ಎಂತಾ ಕೂಲಿ?” ಎಂದು ನಕ್ಕುಬಿಟ್ಟರು. ಆ ನಾಲ್ಕು ದಿನ ನಮ್ಮ ಶಾಲೆಯಲ್ಲಿ ನಿಜವಾದ ಓಜರು ಯಾರೆಂಬುದರಲ್ಲಿ ನನಗೆ ಸಂದೇಹವುಳಿಯಲಿಲ್ಲ.

ಈಗ ಜಿಲ್ಲೆಯ ಎಷ್ಟೋ ಹಳೆಯ ಶಾಲೆ, ಆಸ್ಪತ್ರೆ, ಛತ್ರಗಳು ಜೀರ್ಣೋದ್ಧಾರವನ್ನು ಕಾಯುತ್ತಿವೆ. ಹಣವು ಮೊದಲಿಗಿಂತ ಸುಲಭವಾಗಿ ಕೂಡುವುದು, ಕೈ ಕೂಡುವುದಿಲ್ಲ. ಮುರಕಲ್ಲಿನ ಗೋಡೆಗೆ ಚಿಪ್ಪಿನ ಸುಣ್ಣದ ಗಾರೆಯು ಉಸಿರಾಡಲು ಬಿಡುವುದು. ಸಿಮೆಂಟನ್ನು ಬಳಿದರೆ ಒಳಗಿನ ತೇವವು ಹೊರಬರಲಾರದೆ ಗೋಡೆಯನ್ನೇ ತಿನ್ನುವುದು. ಇದನ್ನು ಬಲ್ಲ ಗಾರೆಯವರು ವಿರಳರಾಗುತ್ತಿದ್ದಾರೆ. ಕಿರಾಲುಬೋಗಿಯ ತೊಲೆಗೂ ಹಲಸಿನ ಹಲಗೆಗೂ ಕೀಲು ಕೂಡಿಸುವವರ ಮಕ್ಕಳು ಬೇರೆ ಊರುಗಳಿಗೆ, ಅರಬ್ಬೀ ಸಮುದ್ರದ ಆಚೆಯ ದೇಶಗಳಿಗೆ ಕೆಲಸಕ್ಕಾಗಿ ಹೋಗಿದ್ದಾರೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಹಳೆಯ ಮಾಡನ್ನು ಬಿಚ್ಚಿ ತಗಡು ಹೊದಿಸುವುದೇ ಜೀರ್ಣೋದ್ಧಾರವೆಂದು ತಿಳಿದರೆ, ವೈಶಾಖದ ಬಿಸಿಲಿನಲ್ಲಿ ಆ ತಗಡಿನ ಕೆಳಗೆ ಮಲಗುವ ರೋಗಿಯು ನಮ್ಮ ಪುಣ್ಯವನ್ನು ಎಷ್ಟು ಹೊಗಳಿಯಾನು?

ಆದುದರಿಂದ ಪ್ಲೆಬ್ಸ್ಟನ ಕಥೆಯಿಂದ ನಾವು ಕಲಿಯಬೇಕಾದುದು ಎರಡು. ಒಂದು, ಕಸುಬನ್ನು ಕೊಡಹೊರಟವನು ಮೊದಲು ಆ ನೆಲಕ್ಕೆ ಬೇಕಾದುದನ್ನು ತಾನು ಕಲಿಯಬೇಕು. ಗಡಿಯಾರವು ಸೋತು ಹಂಚು ಗೆದ್ದುದು ಇದರಿಂದ. ಎರಡು, ಕೆಲಸವನ್ನು ಮಾಡಿಕೊಟ್ಟು ಹೋದರೆ ಅರ್ಧ ದಾನ, ಮಾಡಲು ಕಲಿಸಿ ಹೋದರೆ ಪೂರ್ಣದಾನ. ದೂರದೇಶದಲ್ಲಿ ಕೈಹಿಡಿದ ಕಸುಬಿನಲ್ಲಿ ನುರಿತಿರುವ ನಮ್ಮ ಜಿಲ್ಲೆಯ ತರುಣರು ರಜೆಗೆ ಬಂದಾಗ ಒಂದು ವಾರವನ್ನು ತಮ್ಮೂರಿನ ಶಾಲೆಗೋ ಆಸ್ಪತ್ರೆಗೋ ಕೊಟ್ಟು, ಇಬ್ಬರು ಹುಡುಗರನ್ನು ಜೊತೆಗೆ ನಿಲ್ಲಿಸಿಕೊಂಡರೆ, ಅದು ಯಾವ ಧನದಾನಕ್ಕೂ ಕಡಿಮೆಯಲ್ಲ.

ನಮ್ಮ ಸಂಘಕ್ಕೂ ಒಂದು ವಿಜ್ಞಾಪನೆಯಿದೆ. ಬಸ್ರೂರಿನ ಶಾಸನಗಳಲ್ಲಿ ಕೊಟ್ಟವರ ಹೆಸರುಗಳನ್ನು ನಾವು ಓದಿದೆವು. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರನ್ನೂ ಓದಿದೆವು. 1865ರಲ್ಲಿ ಆ ಜೋಡಿ ಎತ್ತುಗಳನ್ನು ಹೊಡೆದ ಇಬ್ಬರು ಆಳುಗಳ ಹೆಸರು ಯಾವ ಹಂಚಿನ ಮೇಲೆಯೂ ಇಲ್ಲ. ಇನ್ನು ಮುಂದೆ ನಮ್ಮ ಜಿಲ್ಲೆಯಲ್ಲಿ ಯಾವ ಜೀರ್ಣೋದ್ಧಾರವಾದರೂ, ಗೋಡೆಯ ಮೇಲಣ ಕಲ್ಲಿನಲ್ಲಿ ದಾನಿಗಳ ಹೆಸರಿನ ಕೆಳಗೆ ಬಡಗಿಯ, ಗಾರೆಯವನ, ಹಂಚು ಹೊದಿಸಿದವನ ಹೆಸರುಗಳನ್ನೂ ಕೆತ್ತಿಸಲಿ. ದಾಸೋಜನಿಗೆ ಸಂದ ಗೌರವವು ನಮ್ಮೂರಿನ ಆಚಾರಿಗೂ ಸಲ್ಲಲಿ.